ಚಿಲ್ಲರೆ ಕಾಸಿನ ಮೇಲೆ ಬಣ್ಣದಂಗಿ ಸ್ಟಾರುಗಳು!

ಗಾಂಧಿ ಕ್ಲಾಸಿನಲ್ಲಿ ಕೂತು ಪರದೆಗೆ ಚಿಲ್ಲರೆ ಎರಚಿದವರು ಕೈ ಎತ್ತಿ ನೋಡೋಣ! ನಾನಂತೂ ಎರಡೂ ಕೈ ಎತ್ತುತ್ತೇನೆ. ಕೆಂಪೇಗೌಡ ರಸ್ತೆಯ ಥಿಯೇಟರು, ಅಣ್ಣಾವ್ರ ಚಿತ್ರ, ಮೊದಲ ದಿನ, ಮೊದಲ ಆಟ. ಹೆಸರು ಬೀಳುವ ಮುಂಚೆಯೇ ಶಿಳ್ಳೆ. ಅವರ ಮುಖ ಪರದೆ ಮೇಲೆ ಬಂತೋ ಇಲ್ಲವೋ, ಜೇಬಿನಲ್ಲಿದ್ದ ಐದು ಪೈಸೆ, ಹತ್ತು ಪೈಸೆಗಳೆಲ್ಲ ಝಣಝಣ ಅಂತ ಹಾರುತ್ತಿದ್ದವು. ವಾಪಸು ಬಸ್ ಚಾರ್ಜಿಗೆ ಕಾಸಿಲ್ಲದೆ ಮೆಜೆಸ್ಟಿಕ್ಕಿನಿಂದ ರಾಜಾಜಿನಗರದವರೆಗೆ ಕಾಲೆಳೆದುಕೊಂಡು ಹೋದದ್ದೂ ಉಂಟು. ಮನೆಯಲ್ಲಿ ಅಪ್ಪನ ಕೈಲಿ ಬಿದ್ದ ಏಟಿನ ಲೆಕ್ಕ ಬೇರೆ ಬಿಡಿ!

ಹೀಗೆ ಕಲಾವಿದರ ಮುಖಕ್ಕೆ ನಾಣ್ಯ ಎಸೆದ ನನಗೆ, ಕಲಾವಿದರನ್ನೇ ನಾಣ್ಯದ ಮೇಲೆ ಕೂರಿಸುವ ಊರನ್ನು ನೋಡುವ ಯೋಗ 2023ರ ಏಪ್ರಿಲ್‌ನಲ್ಲಿ ಬಂತು. ದೇಶ ಆಸ್ಟ್ರೇಲಿಯಾ. ಊರು ಕ್ಯಾನ್‌ಬೆರಾ. ಕಲಾವಿದರು ಯಾರೆಂದುಕೊಂಡಿರಿ? ಹಾಲಿವುಡ್ಡಿನ ಮೆಲ್ ಗಿಬ್ಸನ್ನೋ, ನಿಕೋಲ್ ಕಿಡ್ಮನ್ನೋ ಅಂತ ಊಹಿಸಿದರೆ ತಪ್ಪು. ಹಾಲು ಕುಡಿಯೋ ಮಕ್ಕಳ ಮುಂದೆ ಕುಣಿಯುವ ಒಂದು ತಂಡ. ಹೆಸರು ‘ದಿ ವಿಗಲ್ಸ್’!

ನನ್ನ ಅಕ್ಕನ ಮಗಳು ಸಿಡ್ನಿಯಲ್ಲಿದ್ದಾಳೆ. ಅವಳಿಗೊಬ್ಬ ನಾಲ್ಕು ವರ್ಷದ ಮಗ. ಏರ್‌ಪೋರ್ಟಿನಿಂದ ಮನೆಗೆ ಹೋಗಿ ಷೂ ಬಿಚ್ಚುವಷ್ಟರಲ್ಲಿ ಆ ಪುಟ್ಟ ನನ್ನ ಕೈ ಹಿಡಿದು ಟೀವಿ ಮುಂದೆ ಕೂರಿಸಿದ. ನೀಲಿ, ಕೆಂಪು, ಹಳದಿ, ನೇರಳೆ ಅಂಗಿ ಹಾಕಿಕೊಂಡವರು ಒಂದು ಕೆಂಪು ಕಾರಿನಲ್ಲಿ ಕೂತು ಹಾಡುತ್ತಿದ್ದರು. ಜೊತೆಗೊಂದು ಹಸಿರು ಡೈನೊಸಾರ್, ಒಂದು ನಾಯಿ, ಒಂದು ಆಕ್ಟೋಪಸ್, ಗರಿಯ ಕತ್ತಿ ಹಿಡಿದ ಒಬ್ಬ ಕಡಲುಗಳ್ಳ. ಐದು ನಿಮಿಷ ನೋಡಿದೆ. ಹತ್ತು ನಿಮಿಷ ನೋಡಿದೆ. ಹಾಡು ಮುಗಿಯಿತು, ಅದೇ ಹಾಡು ಮತ್ತೆ ಶುರುವಾಯಿತು!

‘ಏನೇ ಇದು, ಬೆಳಗಿನಿಂದ ರಾತ್ರಿವರೆಗೂ ಇದೇನಾ?’ ಅಂದೆ.

‘ನಗಬೇಡಿ ಮಾಮ. ನೀವು ಅಣ್ಣಾವ್ರ ಒಂದೇ ಪಿಕ್ಚರನ್ನ ಹದಿನಾಲ್ಕು ಸಲ ನೋಡಿಲ್ವಾ?’ ಅಂದಳು. ಬಾಯಿ ಮುಚ್ಚಿಕೊಂಡೆ.

ಅವಳ ಡ್ರೆಸಿಂಗ್ ಟೇಬಲ್ಲಿನ ಡ್ರಾಯರಿನಲ್ಲಿ ಒಂದು ನಾಣ್ಯವಿತ್ತು. ರಟ್ಟಿನ ಪುಟ್ಟ ಕಾರ್ಡಿನಲ್ಲಿ ಜೋಪಾನವಾಗಿ ಕೂತಿತ್ತು. ಒಂದು ಕಡೆ ಎಲಿಜಬೆತ್ ರಾಣಿ. ಇನ್ನೊಂದು ಕಡೆ, ಹೌದು ಸ್ವಾಮಿ, ಅದೇ ಬಣ್ಣಬಣ್ಣದ ವಿಗಲ್ಸ್! ಲೋಹದ ಮೇಲೆ ಸಿನಿಮಾ ಪೋಸ್ಟರಿನಂತೆ ಬಣ್ಣ ತುಂಬಿದ್ದರು. ತಂಡಕ್ಕೆ ಮೂವತ್ತು ವರ್ಷ ತುಂಬಿದ್ದಕ್ಕೆ ಸರ್ಕಾರದ ಟಂಕಸಾಲೆಯೇ ಹೊರತಂದ ನೆನಪಿನ ನಾಣ್ಯ. ಮುಖಬೆಲೆ ಬರೀ ಚಿಲ್ಲರೆ, ಅವಳು ಕೊಟ್ಟದ್ದು ಅದರ ಎಷ್ಟೋ ಪಟ್ಟು.

‘ಇದನ್ನ ಮಾಡೋ ಜಾಗ ತೋರಿಸ್ತೀನಿ ಬನ್ನಿ, ಬಸ್ಸಲ್ಲಿ ಮೂರೂವರೆ ಗಂಟೆ’ ಅಂದಳು.

ಕುರಿ ದಾಟಿದರೆ ಕ್ಯಾನ್‌ಬೆರಾ

ಸಿಡ್ನಿಯಿಂದ ಕ್ಯಾನ್‌ಬೆರಾಕ್ಕೆ ಸುಮಾರು 280 ಕಿಲೋಮೀಟರ್. ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲಿ ಬಸ್ ಹತ್ತಿದೆವು. ಕಂಡಕ್ಟರ್ ಇಲ್ಲ, ‘ರೈಟ್ ರೈಟ್’ ಇಲ್ಲ, ಕಡಲೆಕಾಯಿ ಮಾರುವವನೂ ಇಲ್ಲ. ಎಲ್ಲರೂ ಬೆಲ್ಟು ಬಿಗಿದುಕೊಂಡು ಪರೀಕ್ಷೆ ಬರೆಯುವವರಂತೆ ಕೂತಿರುತ್ತಾರೆ. ನಮ್ಮ ಕೆಂಪು ಬಸ್ಸಿನ ಮಜಾ ಅಲ್ಲಿಲ್ಲ ಬಿಡಿ.

ಅರ್ಧಕ್ಕಿಂತ ಹೆಚ್ಚು ದಾರಿ ಸವೆದ ಮೇಲೆ ಗೌಲ್ಬರ್ನ್ ಎಂಬ ಊರು. ಅಲ್ಲೊಂದು ಕುರಿ ನಿಂತಿದೆ, ಎತ್ತರ ಹದಿನೈದು ಮೀಟರ್! ಸಿಮೆಂಟಿನದು. ಉಣ್ಣೆಯ ಸೀಮೆ ಎಂದು ತೋರಿಸಲು 1985ರಲ್ಲಿ ಕಟ್ಟಿದರಂತೆ. ನಮ್ಮಲ್ಲಿ ಥಿಯೇಟರ್ ಮುಂದೆ ನಿಲ್ಲಿಸುವ ಕಟೌಟ್ ನೋಡಿದ ಕಣ್ಣಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. ಹಾರ ಹಾಕಿಲ್ಲ, ಹಾಲಿನ ಅಭಿಷೇಕವಿಲ್ಲ, ಪಾಪ ಕುರಿ!

ಆಮೇಲೆ ಲೇಕ್ ಜಾರ್ಜ್. ಇದು ಮಾಯಾವಿ ಸರೋವರ. ನೀರು ಹೊರಗೆ ಹರಿಯಲು ದಾರಿಯಿಲ್ಲ. ಮಳೆ ಸುರಿದ ವರ್ಷಗಳಲ್ಲಿ ಸಮುದ್ರದಂತೆ ತುಂಬುತ್ತದೆ, ಬರಗಾಲದಲ್ಲಿ ಒಣಗಿ ಕುರಿ ಮೇಯುವ ಹುಲ್ಲುಗಾವಲಾಗುತ್ತದೆ. ನಾವು ಹೋದಾಗ ನೀರಿತ್ತು. ಆಚೆ ದಡದಲ್ಲಿ ಗಾಳಿಯ ವಿದ್ಯುತ್ ಕಂಬಗಳು ನಿಧಾನವಾಗಿ ತಿರುಗುತ್ತಿದ್ದವು.

ಆ ಬಸ್ಸಿನಲ್ಲೇ ವಿಗಲ್ಸ್ ಕಥೆ ಕೇಳಿದ್ದು. ಕೇಳಿದ ಮೇಲೆ ನಗು ಅರ್ಧ ಕಡಿಮೆಯಾಯಿತು.

1980ರ ದಶಕದಲ್ಲಿ ಸಿಡ್ನಿಯಲ್ಲಿ ‘ಕಾಕ್ರೋಚಸ್’ ಎಂಬ ಪಾಪ್ ತಂಡವಿತ್ತು. ಜಿರಳೆಗಳು! ಫೀಲ್ಡ್ ಮನೆತನದ ಅಣ್ಣತಮ್ಮಂದಿರು ಕಟ್ಟಿದ್ದು. ಬಿಯರ್ ಕುಡಿಯುವವರ ಮುಂದೆ ಹಾಡುತ್ತಾ ಊರೂರು ಸುತ್ತುತ್ತಿದ್ದರು. 1988ರಲ್ಲಿ ಅವರಲ್ಲೊಬ್ಬರಾದ ಪಾಲ್ ಫೀಲ್ಡರ ಎಳೆಗೂಸು, ಹೆಣ್ಣುಮಗು, ತೊಟ್ಟಿಲಲ್ಲಿ ಮಲಗಿದ್ದಂತೆಯೇ ತೀರಿಹೋಯಿತು. ರೋಗವಿಲ್ಲ, ಪೆಟ್ಟಿಲ್ಲ. ಹೀಗೂ ಮಕ್ಕಳು ಹೋಗುವುದುಂಟು. ತಂಡ ಕುಸಿಯಿತು. ತಮ್ಮ ಆಂಟನಿ ಫೀಲ್ಡ್ ಪಾಪ್ ಹಾಡು ಬಿಟ್ಟು ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದಲ್ಲಿ ಶಿಶುವಿಹಾರದ ಮೇಷ್ಟ್ರಾಗುವ ಓದಿಗೆ ಸೇರಿದರು. ಅಲ್ಲಿ ಗಿಟಾರ್ ಬಾರಿಸುವ ಮರ್ರೆ ಕುಕ್, ಹಾಡುವ ಗ್ರೆಗ್ ಪೇಜ್ ಜೊತೆಯಾದರು. ಜಿರಳೆ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಜೆಫ್ ಫ್ಯಾಟ್‌ರನ್ನೂ ಎಳೆದು ತಂದರು. 1991ರಲ್ಲಿ ಮಕ್ಕಳ ಹಾಡಿನ ಮೊದಲ ಆಲ್ಬಂ. ಅದನ್ನು ಅರ್ಪಿಸಿದ್ದು ಆ ತೀರಿಕೊಂಡ ಕೂಸಿಗೆ.

ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಆಂಟನಿ ನೀಲಿ, ಮರ್ರೆ ಕೆಂಪು, ಗ್ರೆಗ್ ಹಳದಿ, ಜೆಫ್ ನೇರಳೆ. ಓದಲು ಬಾರದ ಮಗುವಿಗೂ ಯಾರು ಯಾರೆಂದು ಗೊತ್ತಾಗುತ್ತದೆ. ನಮ್ಮ ಜೆಫ್ ಅವರ ಖಯಾಲಿ ಏನು ಗೊತ್ತೇ? ಹಾಡಿನ ನಡುವೆ ನಿದ್ದೆ ಹೊಡೆಯುವುದು! ಸಭಾಂಗಣದ ಸಾವಿರಾರು ಮಕ್ಕಳು ಒಟ್ಟಿಗೆ ಕಿರುಚಿ ಅವರನ್ನು ಎಬ್ಬಿಸಬೇಕು. ನರಸಿಂಹರಾಜು ನೆನಪಾದರು ನನಗೆ.

ಇನ್ನೊಂದು ಸೂಕ್ಷ್ಮ ನನಗೆ ಬಹಳ ಹಿಡಿಸಿತು. ಅಭಿಮಾನಿ ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳುವಾಗ ಇವರು ಎರಡೂ ಕೈಯ ತೋರುಬೆರಳನ್ನು ಪಿಸ್ತೂಲಿನಂತೆ ಚಾಚಿ ನಿಲ್ಲುತ್ತಾರೆ. ಸ್ಟೈಲು ಅಂದುಕೊಂಡಿದ್ದೆ. ಅಲ್ಲ! ಪರರ ಮಕ್ಕಳ ಮೈಮೇಲೆ ತಮ್ಮ ಕೈ ಎಲ್ಲಿತ್ತು ಎಂದು ಯಾರೂ ಯಾವತ್ತೂ ಅನುಮಾನ ಪಡಬಾರದು, ಅದಕ್ಕೆ.

2003ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಇವರ ಹನ್ನೆರಡು ಆಟ ಸತತ ಹೌಸ್‌ಫುಲ್. ಹಾಗಂತ ಇವರೇನು ದೇವರಲ್ಲ. 2014ರಲ್ಲಿ ನಮ್ಮ ಹಪ್ಪಳದ ಮೇಲೆ ಒಂದು ಹಾಡು ಮಾಡಿ, ಭಾರತದವರನ್ನು ಆಡಿಕೊಂಡಂತಿದೆ ಎಂದು ಆಮೇಲೆ ಬೈಸಿಕೊಂಡು, 2020ರಲ್ಲಿ ಆಂಟನಿ ಕ್ಷಮೆ ಕೇಳಬೇಕಾಯಿತು. (ಹಾಡು ನೋಡಿದೆ. ಸಿಟ್ಟು ಬರಲಿಲ್ಲ, ಹಪ್ಪಳ ತಿನ್ನೋ ಆಸೆ ಬಂತು.)

ಡಾಲರ್ ಕೊಟ್ಟು ಡಾಲರ್ ಮಾಡಿದೆ

ಕ್ಯಾನ್‌ಬೆರಾ ಜಗಳ ಬಿಡಿಸಲು ಹುಟ್ಟಿದ ಊರು. ರಾಜಧಾನಿ ನಮಗೆ ಬೇಕೆಂದು ಸಿಡ್ನಿ, ನಮಗೇ ಬೇಕೆಂದು ಮೆಲ್ಬರ್ನ್ ಹಟ ಹಿಡಿದಾಗ, ಇಬ್ಬರಿಗೂ ಬೇಡವೆಂದು ನಡುವೆ ಜಾಗ ಹುಡುಕಿ 1913ರಲ್ಲಿ ಹೆಸರಿಟ್ಟರು. ನಕ್ಷೆ ಹಾಕಿದವರು ಅಮೆರಿಕದ ವಾಲ್ಟರ್ ಬರ್ಲಿ ಗ್ರಿಫಿನ್. ಅಚ್ಚುಕಟ್ಟು, ಅಗಲ, ಮೌನ. ಏಪ್ರಿಲ್ ಅಲ್ಲಿ ಎಲೆ ಉದುರುವ ಕಾಲ. ಮರಗಳೆಲ್ಲ ಕೆಂಪು, ಹಳದಿ. ಯಾವ ರಸ್ತೆಯಲ್ಲಿ ನಿಂತರೂ ಡ್ಯುಯೆಟ್ ಷೂಟಿಂಗ್ ಮಾಡಬಹುದು. ಆದರೆ ಹಿಂದೆ ಕುಣಿಯಲು ನಾಲ್ಕು ಜನ ಸಿಗುವುದು ಕಷ್ಟ!

ಡೀಕಿನ್ ಎಂಬ ಬಡಾವಣೆಯಲ್ಲಿ ಟಂಕಸಾಲೆ. 1965ರ ಫೆಬ್ರವರಿ 22ರಂದು ಎಡಿನ್‌ಬರೋ ಡ್ಯೂಕ್ ಉದ್ಘಾಟಿಸಿದ್ದು. ಪೌಂಡ್, ಶಿಲ್ಲಿಂಗ್, ಪೆನ್ನಿ ಬಿಟ್ಟು 1966ರ ಫೆಬ್ರವರಿ 14ರಿಂದ ಡಾಲರ್, ಸೆಂಟ್ ಲೆಕ್ಕ ತರಲು ಕೋಟಿಗಟ್ಟಲೆ ಹೊಸ ನಾಣ್ಯ ಬೇಕಾಯಿತು, ಅದಕ್ಕೆಂದೇ ಕಟ್ಟಿದರು. ನಮ್ಮ ಮೈಸೂರಿನಲ್ಲಿ ನೋಟು ಮುದ್ರಣವಾಗುತ್ತದೆ, ಆದರೆ ಗೇಟಿನ ಹತ್ತಿರ ಸುಮ್ಮನೆ ನಿಂತರೂ ‘ಏನ್ರೀ?’ ಅನ್ನುತ್ತಾರೆ. ಇಲ್ಲಿ ಮಹಡಿ ಮೇಲೆ ಗಾಜಿನ ಗೋಡೆ ಕಟ್ಟಿ, ನೋಡಿಕೊಳ್ಳಿ ಎಂದು ಬಿಟ್ಟಿದ್ದಾರೆ. ಟಿಕೆಟ್ಟಿಲ್ಲ!

ಕೆಳಗಡೆ ಕಾರ್ಖಾನೆ. ‘ಟೈಟನ್’ ಎಂಬ ಯಂತ್ರಮಾನವ ಒಂದೇ ಕೈಯಲ್ಲಿ ನಾಣ್ಯ ತುಂಬಿದ ಪೀಪಾಯಿಗಳನ್ನು ಎತ್ತಿ ಇಡುತ್ತಾನೆ. ಎಂಥಾ ಫೈಟ್ ಸೀನಿನಲ್ಲೂ ನಾನು ಅಂಥ ಬಾಹುಬಲ ಕಂಡಿಲ್ಲ. ಪುಟ್ಟ ಅವನಿಗೆ ಕೈ ಬೀಸಿದ. ಟೈಟನ್ ಬೀಸಲಿಲ್ಲ.

ಗೋಡೆಯ ಪೆಟ್ಟಿಗೆಗಳಲ್ಲಿ ಹಳೇ ನಾಣ್ಯಗಳ ಕಥೆಗಳು. 1966ರ ದುಂಡನೆಯ ಐವತ್ತು ಸೆಂಟಿನಲ್ಲಿ ನೂರಕ್ಕೆ ಎಂಬತ್ತು ಪಾಲು ಬೆಳ್ಳಿ ಹಾಕಿಬಿಟ್ಟಿದ್ದರು. ಬೆಳ್ಳಿ ಬೆಲೆ ಏರಿತು, ನಾಣ್ಯಕ್ಕಿಂತ ನಾಣ್ಯದೊಳಗಿನ ಬೆಳ್ಳಿಯೇ ದುಬಾರಿಯಾಯಿತು! ನಿಲ್ಲಿಸಿ, 1969ರಿಂದ ಹನ್ನೆರಡು ಮೂಲೆಯ ಬೇರೆ ಲೋಹದ ನಾಣ್ಯ ತಂದರು. ಒಂದು, ಎರಡು ಸೆಂಟಿನ ತಾಮ್ರದ ಕಾಸುಗಳನ್ನು 1992ರಿಂದ ಹಿಂದಕ್ಕೆ ಪಡೆದು ಕರಗಿಸಿದರಲ್ಲ, ಆ ಲೋಹ ಏನಾಯಿತು ಗೊತ್ತೇ? 2000ದ ಸಿಡ್ನಿ ಒಲಿಂಪಿಕ್ಸಿನ ಕಂಚಿನ ಪದಕಗಳಿಗೆ ಹೋಯಿತು. ಆ ಕೂಟದಲ್ಲಿ ಭಾರತಕ್ಕೆ ಸಿಕ್ಕಿದ್ದು ಒಂದೇ ಪದಕ, ಕರ್ಣಂ ಮಲ್ಲೇಶ್ವರಿಯವರದು, ಅದೂ ಕಂಚು. ಯಾರೋ ಆಸ್ಟ್ರೇಲಿಯಾದ ಅಜ್ಜಿ ಬ್ರೆಡ್ ಕೊಂಡ ಚಿಲ್ಲರೆ ನಮ್ಮ ಆಂಧ್ರದ ಹುಡುಗಿಯ ಕೊರಳಿಗೆ ಬಂತು ಅನ್ನಿ!

ಕೆಳಗೆ ಬಂದರೆ ಒಂದು ಯಂತ್ರ. ಕಾಸು ಹಾಕಿ ಗುಂಡಿ ಒತ್ತಿದರೆ, ನಿಮ್ಮ ಕಣ್ಣೆದುರೇ ಬೋಳು ಬಿಲ್ಲೆಯ ಮೇಲೆ ಎರಡು ಅಚ್ಚು ಧಡಕ್ಕನೆ ಬಿದ್ದು ಒಂದು ಡಾಲರ್ ನಾಣ್ಯ ತಯಾರು. ತಾಮ್ರ, ಅಲ್ಯೂಮಿನಿಯಂ, ಚೂರು ನಿಕ್ಕಲ್ ಬೆರೆತ ಚಿನ್ನದ ಬಣ್ಣದ ಬಿಲ್ಲೆ, ಒಂಬತ್ತು ಗ್ರಾಂ ತೂಕ. ಒಂದು ಡಾಲರ್ ಮಾಡಲು ಒಂದು ಡಾಲರಿಗಿಂತ ಹೆಚ್ಚೇ ಕೊಡಬೇಕು. ಇಂಥ ವ್ಯಾಪಾರ ನಮ್ಮ ನಿರ್ಮಾಪಕರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ!

2021

ಅಲ್ಲೇ ಬೆಂಚಿನ ಮೇಲೆ ಕೂತು ಚಪಾತಿ ರೋಲ್ ತಿನ್ನುವಾಗ ಅಕ್ಕನ ಮಗಳು ಆ ವಿಗಲ್ಸ್ ನಾಣ್ಯ ತೆಗೆದಳು, ಪುಟ್ಟನಿಗೆ ತೋರಿಸಲು ತಂದಿದ್ದಳು. ಅವನು ಹಳದಿಯ ಮೇಲೆ ಬೆರಳಿಟ್ಟು ‘ಯೆಲ್ಲೋ, ತಾತ!’ ಅಂದ. ನಾನು ತಿರುಗಿಸಿ ನೋಡಿದೆ. ರಾಣಿಯ ಪಕ್ಕ ಇಸವಿ: 2021.

‘ಈ ಹಳದಿ ಅಂಗಿಯೋರ ಕಥೆ ಗೊತ್ತಾ ಮಾಮ?’ ಅಂತ ಕೇಳಿದಳು.

ಗ್ರೆಗ್ ಪೇಜ್. ಕಾಯಿಲೆಯಿಂದ 2006ರಲ್ಲಿ ತಂಡ ಬಿಟ್ಟು, ಮತ್ತೆ ಬಂದು, 2012ರ ಕೊನೆಯಲ್ಲಿ ಇನ್ನಿಬ್ಬರು ಹಳಬರ ಜೊತೆ ನಿವೃತ್ತರಾದವರು. 2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕಾಡುಗಳಿಗೆ ಬೆಂಕಿ ಬಿದ್ದಿತ್ತಲ್ಲ, ಆಗ ಸಂತ್ರಸ್ತರಿಗೆ ಹಣ ಎತ್ತಲು ಹಳೇ ವಿಗಲ್ಸ್ ಮತ್ತೆ ಒಂದಾದರು. ಜನವರಿ 17, ಸಿಡ್ನಿಯ ಕಾಸಲ್ ಹಿಲ್‌ನ ಒಂದು ಕ್ಲಬ್ಬು. ಹದಿನೆಂಟು ತುಂಬಿದವರಿಗೆ ಮಾತ್ರ ಪ್ರವೇಶ! ಬಂದವರೆಲ್ಲ ಚಿಕ್ಕಂದಿನಲ್ಲಿ ಇವರನ್ನು ನೋಡಿ ಬೆಳೆದ ಹುಡುಗ ಹುಡುಗಿಯರು, ನಿಮ್ಮ ವಯಸ್ಸಿನವರೇ. ಶಿಶುಗೀತೆಗೆ ಕುಣಿದು ಕುಪ್ಪಳಿಸಿದರು. ಆಟ ಮುಗಿದು ವೇದಿಕೆಯಿಂದ ಇಳಿಯುವಾಗ ಗ್ರೆಗ್ ಕುಸಿದು ಬಿದ್ದರು. ಹೃದಯ ನಿಂತಿತ್ತು. ಹಿಂದಿನ ದಿನವಷ್ಟೇ 48 ತುಂಬಿತ್ತು.

ಸಭೆಯಲ್ಲಿ ಆಟ ನೋಡಲು ಬಂದಿದ್ದ ಒಬ್ಬ ನರ್ಸ್ ಇದ್ದರು. ಓಡಿಬಂದು ಎದೆ ಒತ್ತಿದರು, ತಂಡದವರು ಕೈಜೋಡಿಸಿದರು. ಕ್ಲಬ್ಬಿನಲ್ಲಿ ಎ.ಇ.ಡಿ. ಎಂಬ ಪೆಟ್ಟಿಗೆಯಿತ್ತು, ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರ. ಕೊಟ್ಟರು. ಮಿಡಿಯಿತು. ಗ್ರೆಗ್ ಬದುಕಿದರು. ಬದುಕಿ, ‘ಹಾರ್ಟ್ ಆಫ್ ದಿ ನೇಷನ್’ ಎಂಬ ಸಂಸ್ಥೆ ಕಟ್ಟಿ, ಊರೂರಿಗೂ ಆ ಪೆಟ್ಟಿಗೆ ಇಡಿ ಎಂದು ಹೇಳುತ್ತಾ ತಿರುಗಿದರು.

ಅವಳು ಹೇಳುತ್ತಲೇ ಇದ್ದಳು. ನನ್ನ ಕಿವಿಗೆ ಅರ್ಧ ಬೀಳಲಿಲ್ಲ. 2021. ಆ ವರ್ಷದ ಅಕ್ಟೋಬರ್ 29, ಶುಕ್ರವಾರ, ಎಲ್ಲಿದ್ದೆನೆಂದು ನನಗೆ ನೆನಪಿದೆ. ನಿಮಗೂ ನೆನಪಿರುತ್ತದೆ.

ಅಪ್ಪುಗೆ 46.

1985ರಲ್ಲಿ ‘ಬೆಟ್ಟದ ಹೂವು’ ನೋಡಿ, ಪುಸ್ತಕದ ಆಸೆಗೆ ಹೂವು ಹುಡುಕಿಕೊಂಡು ಬೆಟ್ಟ ಹತ್ತುವ ಆ ಪೋರನಿಗಾಗಿ ಗಾಂಧಿ ಕ್ಲಾಸಿನಲ್ಲಿ ಅತ್ತವನು ನಾನು. ಆವತ್ತು ಚಿಲ್ಲರೆ ಎಸೆದಿರಲಿಲ್ಲ, ಕೈಯೇ ಬರಲಿಲ್ಲ. ಬಾಲನಟನಿಗೆ ರಾಷ್ಟ್ರಪ್ರಶಸ್ತಿ ಬಂದಾಗ ನಮ್ಮ ಮನೆ ಹುಡುಗನಿಗೇ ಬಂದಂತೆ ಬೀದಿಗೆಲ್ಲ ಸಕ್ಕರೆ ಹಂಚಿದ್ದೆವು. ಕಂಠೀರವ ಸ್ಟೇಡಿಯಮ್ಮಿನ ಸಾಲಿನಲ್ಲಿ ರಾತ್ರಿಯೆಲ್ಲ ನಿಂತಾಗ, ನನ್ನ ಮುಂದಿದ್ದ ಹುಡುಗ, ಯಾವೂರಿನವನೋ, ಕಾಲಿಗೆ ಚಪ್ಪಲಿ ಇರಲಿಲ್ಲ, ‘ಜಿಮ್ ಮಾಡ್ತಿದ್ರು ಸಾರ್, ಅವ್ರಿಗೇ ಹಿಂಗಾದ್ರೆ...’ ಅಂತ ಅದನ್ನೇ ಹೇಳುತ್ತಿದ್ದ.

ಅಪ್ಪುವಿಗೆ ಹೀಗೆ ಮಾಡಿದ್ದರೆ, ಹಾಗೆ ಮಾಡಿದ್ದರೆ ಎಂಬ ಲೆಕ್ಕ ನಾನು ಹಾಕುವುದಿಲ್ಲ. ನಾನು ಡಾಕ್ಟರಲ್ಲ. ಆದರೆ ಹೃದಯ ನಿಂತ ಮೇಲೆ ಸುಮ್ಮನೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಆಸೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಎದೆಯ ನಡುವೆ ಎರಡೂ ಕೈಯಿಟ್ಟು ಐದು ಸೆಂಟಿಮೀಟರಿಗಿಂತ ತುಸು ಹೆಚ್ಚು ಆಳ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತುತ್ತಿರಬೇಕು. ಆ ಪೆಟ್ಟಿಗೆ ತೆರೆದರೆ ಅದೇ ಮಾತಾಡಿ ಏನು ಮಾಡಬೇಕೆಂದು ಹೇಳಿಕೊಡುತ್ತದೆ, ಶಾಕ್ ಬೇಡದವನಿಗೆ ಕೊಡುವುದೂ ಇಲ್ಲ. ಇಷ್ಟನ್ನು ನಾನು ಕಲಿತದ್ದು ಅರವತ್ತರ ಹತ್ತಿರ, ಮಕ್ಕಳ ಹಾಡಿನ ತಂಡದ ದೆಸೆಯಿಂದ! ಊರಿಗೆ ಬಂದ ಮೇಲೆ ಒಂದು ಭಾನುವಾರ ರಬ್ಬರ್ ಗೊಂಬೆಯ ಎದೆ ಒತ್ತುವ ತರಬೇತಿಗೂ ಹೋದೆ. ಎರಡೇ ನಿಮಿಷಕ್ಕೆ ಬೆವರು ಕಿತ್ತುಕೊಂಡು ಬಂತು. ಹೇಳಿಕೊಡುತ್ತಿದ್ದ ಹುಡುಗಿ, ‘ಅಂಕಲ್, ನಿಲ್ಲಿಸಬೇಡಿ, ಯಾವುದಾದ್ರೂ ಫಾಸ್ಟ್ ಹಾಡು ನೆನಪು ಮಾಡ್ಕೊಳ್ಳಿ’ ಅಂದಳು. ಹಾಡಿಗೇನು ಬರ, ಅಪ್ಪುವಿನದೇ ಹತ್ತಾರಿವೆ.

ಆಮೇಲಿನ ಸುದ್ದಿ ಬೇಗ ಹೇಳುತ್ತೇನೆ. 2023ರ ಆಗಸ್ಟ್ 28ರಂದು ಎನ್.ಟಿ. ರಾಮರಾವ್ ಅವರ ನೂರು ರೂಪಾಯಿ ನಾಣ್ಯವನ್ನು ರಾಷ್ಟ್ರಪತಿ ಬಿಡುಗಡೆ ಮಾಡಿದರು, ಹೈದರಾಬಾದಿನ ಟಂಕಸಾಲೆಯದು. ತೆಲುಗು ಗೆಳೆಯನೊಬ್ಬ ಸಾವಿರಗಟ್ಟಲೆ ಕೊಟ್ಟು ತರಿಸಿ ನನ್ನ ಮುಂದೆ ಆಡಿಸಿದ. ಹೊಟ್ಟೆ ಉರಿಯಿತು, ಸುಳ್ಳೇಕೆ? ನಮ್ಮ ಅಣ್ಣಾವ್ರಿಗೆ 2029ಕ್ಕೆ ನೂರು. ಡೆಲ್ಲಿಯವರು ಕೇಳಿಸಿಕೊಳ್ಳಲಿ ಎಂದು ಇಲ್ಲಿ ಬರೆದಿದ್ದೇನೆ. ಅದೇ ನವೆಂಬರಿನಲ್ಲಿ ನಮ್ಮ ಸರ್ಕಾರ ಪುನೀತ್ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ಆರಂಭಿಸಿತು. ತಾಲೂಕು ಆಸ್ಪತ್ರೆಗಳಲ್ಲೇ ಹೃದಯಾಘಾತ ಪತ್ತೆ, ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ, ಜನ ಸೇರುವ ಜಾಗಗಳಲ್ಲಿ ಎ.ಇ.ಡಿ. ಇಡುವ ಮಾತೂ ಉಂಟು.

ಹೊರಡುವ ದಿನ ಏರ್‌ಪೋರ್ಟಿನಲ್ಲಿ ಪುಟ್ಟ ವಿಗಲ್ಸ್ ನಾಣ್ಯವನ್ನು ನನ್ನ ಜೇಬಿಗೆ ಹಾಕಿದ್ದ. ನಾನು ಟಂಕಸಾಲೆಯಲ್ಲಿ ಗುಂಡಿ ಒತ್ತಿ ಮಾಡಿದ ಡಾಲರನ್ನು ಅವನಿಗೆ ಕೊಟ್ಟು ಬಂದೆ. ನನ್ನ ಪರ್ಸಿನಲ್ಲಿ ಅಪ್ಪುವಿನ ಫೋಟೋ ಹಿಂದೆ ಈಗ ಆ ನಾಣ್ಯವಿದೆ.

ಮೊನ್ನೆ ಒಂದು ಬಸ್ ಸ್ಟ್ಯಾಂಡಿನಲ್ಲಿ (ಯಾವ ಊರು ಅಂತ ಕೇಳಬೇಡಿ) ಬಸ್ಸಿಗೆ ಕಾಯುತ್ತಾ ಕಂಟ್ರೋಲರ್ ಕಿಟಕಿಗೆ ಹೋಗಿ, ‘ಎ.ಇ.ಡಿ. ಪೆಟ್ಟಿಗೆ ಇಟ್ಟಿದ್ದೀರಾ ಸಾರ್?’ ಅಂತ ಕೇಳಿದೆ.

‘ಯಾವ ಪೆಟ್ಟಿಗೆ? ದೂರಿನ ಪೆಟ್ಟಿಗೆನಾ? ಅಲ್ಲಿದೆ ನೋಡಿ, ಬೀಗದ ಕೈ ಸಾಹೇಬ್ರತ್ರ ಇರುತ್ತೆ.’

ಎದೆಗೆ ಶಾಕ್ ಕೊಡೋದು ಅಂತ ಬಿಡಿಸಿ ಹೇಳಿದೆ. ಆತ ಪೆನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ‘ಅಪ್ಪು ಸರ್‌ಗೆ ಆಯ್ತಲ್ಲ, ಅದಕ್ಕಾ?’ ಅಂದರು. ಹೌದು ಅಂದೆ. ಒಂದು ಚೀಟಿ ಹರಿದು ಕಿಟಕಿಯಿಂದ ಚಾಚಿದರು.

‘ಹೆಸರು ಬರೀರಿ ಇದರಲ್ಲಿ. ಕನ್ನಡದಲ್ಲೇ ಬರೀರಿ. ಸಾಹೇಬ್ರು ಬರ್ಲಿ, ಕೇಳ್ತೀನಿ.’

ಬರೆದುಕೊಟ್ಟೆ. ಅಷ್ಟರಲ್ಲಿ ನನ್ನ ಬಸ್ಸು ಬಂತು.